ಆರು ತಿಂಗಳ ಡಿಪ್ಲೊಮಾ ಮಾಡಿದರೆ ಮಗಳು ಮನಶ್ಶಾಸ್ತ್ರಜ್ಞೆಯಾಗಿ ನೋಂದಣಿಯಾಗುತ್ತಾಳೆಯೇ?

ಬೇಲೂರಿನ ಬೆಳೆಗಾರ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹಾಸನದ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಅವಳ ವಿಷಯಗಳು. ಮುಂದೆ ಮನಶ್ಶಾಸ್ತ್ರಜ್ಞೆಯೇ ಆಗಬೇಕೆಂದು ಹಟ ಹಿಡಿದಿದ್ದಾಳೆ, ಅದಕ್ಕೊಂದು ಹಿನ್ನೆಲೆಯೂ ಇದೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಊಟ ನಿದ್ರೆ ಬಿಟ್ಟು, ತೋಟದ ಕಡೆ ತಲೆ ಹಾಕುವುದನ್ನೂ ಬಿಟ್ಟು ಮೂಲೆ ಹಿಡಿದು ಕುಳಿತಿದ್ದ. ಹರಕೆ, ಯಂತ್ರ ಎಲ್ಲ ಮುಗಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಮಾತ್ರೆ ಬರೆದುಕೊಟ್ಟ ವೈದ್ಯರು ಒಬ್ಬರಾದರೆ, ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತನಾಡಿಸುತ್ತಿದ್ದ ಮೇಡಂ ಇನ್ನೊಬ್ಬರು. ಅವರು ತಮ್ಮನ ಕೈಗೆ ಇನ್ನೂರು ಪುಟದ ನೋಟ್ ಪುಸ್ತಕವೊಂದನ್ನು ಕೊಟ್ಟು, ದಿನಕ್ಕೆ ಒಂದೇ ಒಂದು ಕೆಲಸ ಮಾಡಿ ಬರೆದಿಡಲು ಹೇಳಿದ್ದರು. ಮೊದಲ ದಿನ ಅವನು ಬರೆದದ್ದು ‘ಕೊಟ್ಟಿಗೆಯವರೆಗೆ ನಡೆದೆ’ ಎಂದು. ಇಪ್ಪತ್ತೊಂದನೆಯ ದಿನದ ಪುಟದಲ್ಲಿ ‘ಮೆಣಸಿನ ಬಳ್ಳಿ ಕಟ್ಟಿದೆ’ ಎಂದಿದೆ. ಆ ಪುಸ್ತಕವನ್ನು ಮಗಳು ಇಂದಿಗೂ ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಖಾಸಗಿ ತರಬೇತಿ ಸಂಸ್ಥೆಯೊಂದು ಶನಿವಾರ ಮತ್ತು ಭಾನುವಾರ ಮಾತ್ರ ತರಗತಿ ನಡೆಸಿ, ಆರು ತಿಂಗಳಲ್ಲಿ ಡಿಪ್ಲೊಮಾ ಕೊಟ್ಟು, ‘ಸರ್ಕಾರಿ ಮಾನ್ಯತೆ ಇರುವ ಮನಶ್ಶಾಸ್ತ್ರಜ್ಞರ’ ಪ್ರಮಾಣಪತ್ರ ಕೊಡುವುದಾಗಿ ಹೇಳುತ್ತಿದೆ. ಶುಲ್ಕ 65,000 ರೂಪಾಯಿ, ಈ ಶನಿವಾರದೊಳಗೆ ಕಟ್ಟಿದರೆ ಹತ್ತು ಸಾವಿರ ಕಡಿಮೆ ಮಾಡುತ್ತಾರಂತೆ. ಇದನ್ನು ಮಾಡಿದರೆ ಅವಳು ನೋಂದಾಯಿತ ಮನಶ್ಶಾಸ್ತ್ರಜ್ಞೆ ಆಗುತ್ತಾಳೆಯೇ? ಇಲ್ಲವಾದರೆ ಸರಿಯಾದ ದಾರಿ ಯಾವುದು, ಎಷ್ಟು ವರ್ಷ ಹಿಡಿಯುತ್ತದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಸಕಲೇಶಪುರದವನು
ಶನಿವಾರದೊಳಗೆ ಕಟ್ಟಿ ಎಂದು ಅವಸರ ಮಾಡುವ ಯಾವ ಸಂಸ್ಥೆಗೂ ಹಣ ಕಟ್ಟಬೇಡಿ ಅಣ್ಣ.

ಚನ್ನರಾಯಪಟ್ಟಣದವನು
ನನಗೆ ತಿಳಿದಂತೆ ಮನೋರೋಗದ ಡಾಕ್ಟರಾಗಲು ನೀಟ್ ಪರೀಕ್ಷೆ ಬರೆಯಲೇಬೇಕು. ಬಿ.ಎ. ಓದಿದವರಿಗೆ ಆ ಬಾಗಿಲು ಮುಚ್ಚಿದೆ.

ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್
ಮೊದಲು ಈ ಗೊಂದಲವನ್ನು ಬಿಡಿಸೋಣ. ನೀಟ್ ಬರೆದು, ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮೂರು ವರ್ಷ ಎಂ.ಡಿ. ಮಾಡಿದವರು ಮನೋವೈದ್ಯರು. ಔಷಧ ಬರೆಯುವ ಅಧಿಕಾರ ಅವರದು. ಕ್ಲಿನಿಕಲ್ ಸೈಕಾಲಜಿಸ್ಟ್ ಬರುವುದು ಮನಶ್ಶಾಸ್ತ್ರದ ಓದಿನಿಂದ. ನಾವು ಮಾತ್ರೆ ಬರೆಯುವುದಿಲ್ಲ. ಮಾನಸಿಕ ಪರೀಕ್ಷೆಗಳನ್ನು ನಡೆಸುತ್ತೇವೆ, ತೊಂದರೆಯ ಸ್ವರೂಪವನ್ನು ಗುರುತಿಸುತ್ತೇವೆ, ಮಾತಿನ ಮೂಲಕ ನಡೆಯುವ ಚಿಕಿತ್ಸೆಯನ್ನು ಕೊಡುತ್ತೇವೆ. ನಿಮ್ಮ ತಮ್ಮನಿಗೆ ನೋಟ್ ಪುಸ್ತಕ ಕೊಟ್ಟ ಆ ಮೇಡಂ ನಮ್ಮ ಸಾಲಿನವರು.

ನೋಂದಣಿಯ ವಿಷಯ ಹೀಗಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ಒಂದು ಪರಿಷತ್ತು ಇದೆ, ಅದನ್ನೇ ಎಲ್ಲರೂ ಆರ್‌ಸಿಐ ಎನ್ನುತ್ತಾರೆ. ಅದು ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕವೊಂದನ್ನು ಇಟ್ಟುಕೊಂಡಿದೆ. ಆ ಪುಸ್ತಕದಲ್ಲಿ ಹೆಸರು ಮತ್ತು ಸಂಖ್ಯೆ ಇದ್ದವರು ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬಹುದು. ಇದುವರೆಗಿನ ರಾಜಮಾರ್ಗ ಎಂದರೆ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಮನಶ್ಶಾಸ್ತ್ರ, ಅದರ ಮೇಲೆ ಪರಿಷತ್ತು ಒಪ್ಪಿದ ಆಸ್ಪತ್ರೆ ಅಥವಾ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಪಿಯುಸಿ ಆದ ಮೇಲೆ ಒಟ್ಟು ಏಳು ವರ್ಷ ಬೇಕು. ಇದನ್ನು ಆರು ತಿಂಗಳ ಶನಿವಾರ ಭಾನುವಾರಗಳಿಗೆ ಇಳಿಸುವ ಶಕ್ತಿ ಯಾರಿಗೂ ಇಲ್ಲ.

ಬೇಲೂರಿನ ಬೆಳೆಗಾರ
ಮೇಡಂ, ಆ ಸಂಸ್ಥೆಯವರು ತಮ್ಮದು ನೋಂದಾಯಿತ ಸಂಸ್ಥೆ ಎಂದು ಪ್ರಮಾಣಪತ್ರವನ್ನೇ ತೋರಿಸಿದರು. ಅದು ಸುಳ್ಳು ಕಾಗದವೇ?

ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್
ಕಾಗದ ನಿಜವೇ ಇರಬಹುದು. ಸಂಘವಾಗಿಯೋ ಕಂಪನಿಯಾಗಿಯೋ ನೋಂದಣಿ ಮಾಡಿಸುವುದು ಬೇರೆ, ತಾನು ಕಲಿಸುವ ಕೋರ್ಸಿಗೆ ಪುನರ್ವಸತಿ ಪರಿಷತ್ತಿನ ಒಪ್ಪಿಗೆ ಪಡೆಯುವುದು ಬೇರೆ. ‘ಈ ಕೋರ್ಸ್ ಮುಗಿಸಿದವರಿಗೆ ಪರಿಷತ್ತು ನೋಂದಣಿ ಸಂಖ್ಯೆ ಕೊಡುತ್ತದೆಯೇ, ಕೊಡುವುದಾದರೆ ಹಿಂದಿನ ತಂಡದ ಒಬ್ಬರ ಸಂಖ್ಯೆ ಹೇಳಿ’ ಎಂದು ಕೇಳಿ ನೋಡಿ. ಆ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಒಪ್ಪಿಗೆ ಪಡೆದ ಸಂಸ್ಥೆಗಳ ಪಟ್ಟಿಯೂ ಅಲ್ಲೇ ಇದೆ.

ಅರಸೀಕೆರೆಯ ಅಮ್ಮ
ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಏಕೆಂದರೆ ಇಂಥ ಪ್ರಮಾಣಪತ್ರದಿಂದ ನನ್ನ ಮಗ ಒಂದು ವರ್ಷ ಕಳೆದುಕೊಂಡ.

ಅವನು ನಾಲ್ಕನೇ ತರಗತಿಯಲ್ಲಿದ್ದಾಗ ಬೋರ್ಡಿನ ಮೇಲಿನದನ್ನು ಪುಸ್ತಕಕ್ಕೆ ಇಳಿಸಲು ಒದ್ದಾಡುತ್ತಿದ್ದ. ಒತ್ತಕ್ಷರ ಎಂದರೆ ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ‘ಅಕ್ಕ’ ಎಂಬುದನ್ನು ‘ಅಕ’ ಎಂದು, ‘ಅಪ್ಪ’ ಎಂಬುದನ್ನು ‘ಅಪ’ ಎಂದು ಬರೆಯುತ್ತಿದ್ದ. ಬಾಯಲ್ಲಿ ಕೇಳಿದರೆ ಎಲ್ಲ ಪಾಠವನ್ನೂ ಒಪ್ಪಿಸುತ್ತಿದ್ದ. ಪೇಟೆಯಲ್ಲಿ ‘ಮಕ್ಕಳ ಮನಶ್ಶಾಸ್ತ್ರಜ್ಞರು’ ಎಂದು ಫಲಕ ಹಾಕಿಕೊಂಡಿದ್ದವರ ಬಳಿ ಹೋದೆವು. ನಾಲ್ಕು ಸಾವಿರ ತೆಗೆದುಕೊಂಡು, ಬಣ್ಣದ ಹಾಳೆಯಲ್ಲಿ ಬುದ್ಧಿಮತ್ತೆ ಕಡಿಮೆ ಎಂದು ಬರೆದು ಮುದ್ರೆ ಒತ್ತಿಕೊಟ್ಟರು. ಅದನ್ನು ಓದಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆ ವರದಿ ಹಿಡಿದು ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೋದರೆ, ವರದಿಯಲ್ಲಿ ಪರಿಷತ್ತಿನ ಸಂಖ್ಯೆ ಇಲ್ಲ, ಇದು ನಡೆಯುವುದಿಲ್ಲ ಎಂದು ವಾಪಸ್ ಕಳಿಸಿದರು.

ಆಮೇಲೆ ಮೈಸೂರಿಗೆ ಹೋದೆವು. ಅಲ್ಲಿನ ಮೇಡಂ ಮೊದಲ ಹತ್ತು ನಿಮಿಷ ಪರೀಕ್ಷೆಯನ್ನೇ ಶುರು ಮಾಡಲಿಲ್ಲ. ನಿಮ್ಮ ಊರಿನ ಸಂತೆ ಯಾವ ದಿನ, ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಯಾವ ಗಾಡಿ ನಿಲ್ಲುತ್ತವೆ ಎಂದು ಅವನನ್ನು ಮಾತಿಗೆಳೆದರು. ಆಮೇಲೆ ಒಂದು ಮರದ ಹಲಗೆ ತಂದಿಟ್ಟರು. ನಕ್ಷತ್ರ, ಶಿಲುಬೆ, ಅರ್ಧಚಂದ್ರದ ಆಕಾರದ ಗುಂಡಿಗಳಿಗೆ ಹತ್ತು ಬಿಲ್ಲೆಗಳನ್ನು ಕೂರಿಸಬೇಕು. ಅವರ ಕೈಯಲ್ಲಿ ನಿಲ್ಲುಗಡಿಯಾರವಿತ್ತು. ನನ್ನ ಮಗ ಮೂರು ಸಲವೂ ಪಟಪಟನೆ ಜೋಡಿಸಿದ. ಮತ್ತೆ ಓದುವುದು, ಬರೆಯುವುದು, ಲೆಕ್ಕ ಎಂದು ಎರಡು ದಿನ ಕೂರಿಸಿಕೊಂಡು, ಅವನ ಬುದ್ಧಿಮತ್ತೆಗೆ ಏನೂ ಕೊರತೆಯಿಲ್ಲ, ಇರುವುದು ಕಲಿಕಾ ನ್ಯೂನತೆ ಎಂದು ಬಿಡಿಸಿ ಹೇಳಿದರು. ಎರಡೂ ವರದಿಗಳನ್ನು ನಾನು ಒಂದೇ ಕಡತದಲ್ಲಿ ಇಟ್ಟಿದ್ದೇನೆ. ನಿಮ್ಮ ಮಗಳು ಆ ಎರಡನೆಯ ವರದಿ ಬರೆಯುವಂಥವಳಾಗಲಿ.

ಕಡೂರಿನ ನಿವೃತ್ತ ಉಪನ್ಯಾಸಕ
ಅರಸೀಕೆರೆಯ ತಾಯಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಸೇರಿದೆ. ಹೀಗಾಗಿ ಆ ವರದಿಗೆ ಕಾನೂನಿನ ತೂಕ ಇದೆ. ಅದನ್ನು ಬರೆಯುವವರ ತರಬೇತಿ ಏನೆಂದು ಕೇಳುವುದು ತಂದೆತಾಯಿಯರ ಹಕ್ಕು.

ಮಕ್ಕಳ ಬುದ್ಧಿಮತ್ತೆಯನ್ನು ಕನ್ನಡದಲ್ಲಿ ಅಳೆಯುವ ಕೆಲಸ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಕಾಮತ್ ಅವರು ಫ್ರಾನ್ಸಿನ ಬಿನೆ ಅವರ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅಳವಡಿಸಿದ್ದು ಸ್ವಾತಂತ್ರ್ಯಕ್ಕೂ ಮೊದಲು. ಅದಕ್ಕೂ ಹಿಂದೆ, 1924ರಲ್ಲಿಯೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಬುದ್ಧಿಮತ್ತೆಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ನಡೆಸಿದವರೂ ಇವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಅದೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಇಂದು ಎಂ.ಫಿಲ್. ಎಂದು ಕರೆಯುವ ತರಬೇತಿಯ ಮೂಲರೂಪ ಅಲ್ಲಿಯ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ. ಅಂದರೆ ಆಗ ‘ಡಿಪ್ಲೊಮಾ’ ಎಂಬ ಮಾತಿಗೆ ಎಂ.ಎ. ಆದ ಮೇಲೆ ರೋಗಿಗಳ ನಡುವೆ ಕಲಿಯುವ ಕೋರ್ಸ್ ಎಂಬ ಅರ್ಥವಿತ್ತು. ಅದೇ ಹೆಸರನ್ನು ಇಂದು ಶನಿವಾರದ ತರಗತಿಗೆ ಅಂಟಿಸುತ್ತಿರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೂಡಿಗೆರೆಯ ಸಮಾಲೋಚಕ
ಇಲ್ಲಿಯವರೆಗಿನ ಮಾತು ಏಕಪಕ್ಷೀಯವಾಗಿದೆ ಎಂದು ಹೇಳದೆ ವಿಧಿಯಿಲ್ಲ. ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ, ಆಮೇಲೆ ಆಪ್ತಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದವನು. ಹನ್ನೊಂದು ವರ್ಷದಿಂದ ಕಾಫಿ ತೋಟಗಳ ಕೂಲಿಕಾರರ ಲೈನ್ ಮನೆಗಳಿಗೆ ಹೋಗುತ್ತಿದ್ದೇನೆ. ಕೊಯ್ಲಿನ ಕಾಲದಲ್ಲಿ ಕೈಗೆ ಕೂಲಿ ಬಂದ ರಾತ್ರಿ ಕುಡಿತ ಹೆಚ್ಚುತ್ತದೆ, ಹೊಡೆದಾಟ ಹೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ಹೆಂಗಸರು ನನಗೆ ಫೋನ್ ಮಾಡುತ್ತಾರೆ. ಏಳು ವರ್ಷ ಓದಿದ ನೋಂದಾಯಿತರು ಯಾರೂ ಆ ಲೈನ್ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ಸಂಖ್ಯೆ ಇಲ್ಲದವರೆಲ್ಲ ಮೋಸಗಾರರು ಎಂಬ ಧಾಟಿಯಲ್ಲಿ ಬರೆದರೆ, ಮಲೆನಾಡಿನಲ್ಲಿ ಇರುವ ಸ್ವಲ್ಪ ಆಸರೆಯೂ ಹೋಗುತ್ತದೆ.

ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್
ನಿಮ್ಮ ಕೆಲಸವನ್ನು ನಾನು ಕಡೆಗಣಿಸಿದ್ದೇನೆ ಎನಿಸಿದ್ದರೆ ಕ್ಷಮಿಸಿ ಸರ್. ಕುಡಿತ ಬಿಡಿಸಲು ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನರನ್ನು ಕೈಹಿಡಿದು ಬಸ್ ಹತ್ತಿಸಿ ಕಳಿಸುವವರು ನಿಮ್ಮಂಥವರೇ. ನನ್ನ ತಕರಾರು ಒಂದೇ. ಆಪ್ತಸಮಾಲೋಚಕರು ಆಪ್ತಸಮಾಲೋಚಕರೆಂದೇ ಫಲಕ ಹಾಕಲಿ. ಬುದ್ಧಿಮತ್ತೆಯ ಪರೀಕ್ಷೆ ಮಾಡಿ ವರದಿ ಬರೆಯುವುದು, ಕಾಯಿಲೆಗೆ ಹೆಸರಿಡುವುದು, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವುದು ಬೇಡ. ಅರಸೀಕೆರೆಯ ಮಗುವಿಗೆ ಆದದ್ದು ಕೇಳಿದಿರಲ್ಲ?

ಮೂಡಿಗೆರೆಯ ಸಮಾಲೋಚಕ
ಆ ಮಾತನ್ನು ಒಪ್ಪುತ್ತೇನೆ. ನಾನು ಯಾರಿಗೂ ಪರೀಕ್ಷೆ ಮಾಡಿಲ್ಲ, ಮಾಡುವುದೂ ಇಲ್ಲ. ಆದರೆ ನಮ್ಮಂಥವರ ನೋಂದಣಿಗೆ ದಾರಿ ಎಲ್ಲಿದೆ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು.

ಕಡೂರಿನ ನಿವೃತ್ತ ಉಪನ್ಯಾಸಕ
ಅದಕ್ಕೆ 2021ರ ಕಾಯ್ದೆಯನ್ನು ನೋಡಬೇಕು. ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಅದು. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನ ಎಂಬ ಗುಂಪು ಇದೆ. ಪುನರ್ವಸತಿ ಪರಿಷತ್ತಿಗೆ ಸೇರಿದ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಮನಶ್ಶಾಸ್ತ್ರಜ್ಞರು, ಸಮಾಲೋಚಕರು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಆ ಗುಂಪಿನಲ್ಲಿ ಬರುತ್ತಾರೆ, ಅವರ ನೋಂದಣಿ ರಾಜ್ಯ ಮಂಡಳಿಯ ಕೆಲಸ. ನಿಮ್ಮ ಎಂ.ಎಸ್.ಡಬ್ಲ್ಯೂ. ವ್ಯರ್ಥವಲ್ಲ. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್. ಮಾಡಿದವರನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಪರಿಗಣಿಸುತ್ತದೆ. ಆ ಕಾಯ್ದೆಯ ಪ್ರಕಾರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರವು ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯ ಶುಶ್ರೂಷಕರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ನೋಂದಾಯಿಸಿಕೊಂಡು ಪಟ್ಟಿ ಪ್ರಕಟಿಸಬೇಕು.

ಸಕಲೇಶಪುರದವನು
ಸಂಖ್ಯೆ ಇಲ್ಲದೆ ಫಲಕ ಹಾಕಿಕೊಂಡವರಿಗೆ ಏನೂ ಶಿಕ್ಷೆ ಇಲ್ಲವೇ?

ಕಡೂರಿನ ನಿವೃತ್ತ ಉಪನ್ಯಾಸಕ
ಇದೆ. ಪರಿಷತ್ತಿನ ಕಾಯ್ದೆಯ 13ನೇ ಕಲಮಿನಲ್ಲಿ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಎಂದಿದೆ. ಅರಸೀಕೆರೆಯ ತಾಯಿ ಕೊಟ್ಟ ಶುಲ್ಕವೇ ಆ ದಂಡದ ನಾಲ್ಕರಷ್ಟಿತ್ತು ಎಂಬುದನ್ನು ಗಮನಿಸಿ. ಈ ಮೊತ್ತವನ್ನು ಹೆಚ್ಚಿಸಬೇಕೆಂದು ನಾವೆಲ್ಲ ಕೇಳಬೇಕು.

ಚನ್ನರಾಯಪಟ್ಟಣದವನು
ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ನಾನು ಒಂದೇ ಎಂದುಕೊಂಡಿದ್ದೆ, ತಿದ್ದಿದ್ದಕ್ಕೆ ಧನ್ಯವಾದಗಳು. ಬೆಳೆಗಾರರಿಗೆ ನನ್ನದೊಂದು ಸಲಹೆ ಇದೆ. ಮಗಳನ್ನು ಹಾಸ್ಟೆಲ್ಲಿನಲ್ಲಿ ಇಡುವ ಖರ್ಚು ಬೇಡ ಎನ್ನುವುದಾದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮನಶ್ಶಾಸ್ತ್ರ ಕಟ್ಟಿಸಿ. ನಮ್ಮ ಅಕ್ಕನ ಮಗಳು ಕೆಲಸ ಮಾಡುತ್ತಲೇ ಹಾಗೆ ಮುಗಿಸಿದಳು.

ಕೊಪ್ಪದ ಹುಡುಗಿ
ಆ ದಾರಿ ಈಗ ಮುಚ್ಚಿದೆ ಸರ್. 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣದಲ್ಲಿಯೂ ಆನ್‌ಲೈನಿನಲ್ಲಿಯೂ ಕಲಿಸುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆದೇಶ ಮಾಡಿದ್ದು, 2025ರ ಜುಲೈ–ಆಗಸ್ಟ್ ಅವಧಿಯಿಂದ ಹೊಸ ಪ್ರವೇಶ ನಿಂತಿದೆ. ಮನಶ್ಶಾಸ್ತ್ರವೂ ಅದರಲ್ಲಿ ಸೇರಿದೆ. ಆದ್ದರಿಂದ ಕಾಲೇಜಿಗೆ ಹೋಗಿಯೇ ಓದಬೇಕು. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದ ಹಳೆಯ ವಿಭಾಗಗಳಿವೆ. ಸರ್ಕಾರಿ ಶುಲ್ಕದಲ್ಲಿ ಓದಬಹುದು.

ನಾನು ಈಗ ಎಂ.ಫಿಲ್. ಎರಡನೆಯ ವರ್ಷದಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೆಳೆಗಾರರ ಮಗಳಿಗೆ ಎರಡು ವಿಷಯ ಹೇಳಬೇಕೆನಿಸುತ್ತದೆ.

ಮೊದಲನೆಯದು, ಎಂ.ಎ.ಯಲ್ಲಿ ಶೇಕಡಾ 55 ಅಂಕಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಲಿ, ಮೀಸಲು ವರ್ಗದವರಿಗೆ ಶೇಕಡಾ 50. ಅದಿಲ್ಲದಿದ್ದರೆ ಎಂ.ಫಿಲ್. ಪ್ರವೇಶ ಪರೀಕ್ಷೆಯ ಬಾಗಿಲಿಗೇ ಬರಲಾಗುವುದಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುತ್ತದೆ. ಸೀಟುಗಳು ಕಡಿಮೆ, ಏಕೆಂದರೆ ಪ್ರತಿ ಸಂಸ್ಥೆಯಲ್ಲಿ ನೋಂದಾಯಿತ ಅಧ್ಯಾಪಕರು ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಸೀಟು ನಿಗದಿಯಾಗುತ್ತದೆ. ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಿಗೆ ಪೈಪೋಟಿ ಬಹಳ. ಖಾಸಗಿ ಸಂಸ್ಥೆಗಳಲ್ಲಿ ಎರಡು ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕವಾಗುತ್ತದೆ. ನನಗೆ ಸೀಟು ಸಿಕ್ಕಿದ್ದು ಮೂರನೆಯ ಪ್ರಯತ್ನದಲ್ಲಿ. ನಡುವಿನ ಎರಡು ವರ್ಷ ಊರಿನಲ್ಲಿ ಅಡಿಕೆ ಸುಲಿಯುವ ಕಾಲಕ್ಕೂ ಮನೆಯವರು ನನ್ನನ್ನು ಕರೆಯದೆ ಓದಲು ಬಿಟ್ಟರು.

ಎರಡನೆಯದು, ಈ ಎರಡು ವರ್ಷದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದು. ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ವಾರ್ಡು, ಸಂಜೆ ಮಾರ್ಗದರ್ಶಕರ ಮುಂದೆ ಕುಳಿತು ಆ ದಿನ ಬರೆದ ಪ್ರತಿ ರೋಗಿಯ ಚರಿತ್ರೆಯನ್ನೂ ಓದಿ ಹೇಳಬೇಕು. ಮೊದಲ ತಿಂಗಳಿನ ಮಾತು. ನರಸಿಂಹರಾಜಪುರದ ಕಡೆಯ ಹೆಂಗಸೊಬ್ಬರು, ‘ಸಂಜೆ ದೀಪ ಹಚ್ಚೋ ಹೊತ್ತಿಗೆ ಎದೆ ಒಳಗೆ ಯಾರೋ ಓಡಾಡಿದ ಹಾಗೆ ಆಗ್ತದೆ, ಕೈಕಾಲು ಸೋತು ಬರ್ತದೆ’ ಎಂದರು. ನಾನು ಅದನ್ನೆಲ್ಲ ಬಿಟ್ಟು ಹಾಳೆಯ ಮೇಲೆ ‘ಆಂಕ್ಸೈಟಿ’ ಎಂದು ಒಂದೇ ಪದ ಬರೆದಿದ್ದೆ. ಮಾರ್ಗದರ್ಶಕರು ಪೆನ್ಸಿಲಿನಲ್ಲಿ ಆ ಪದವನ್ನು ಹೊಡೆದುಹಾಕಿ, ‘ಇದು ನಿನ್ನ ಪದ. ಅವರ ಪದ ಎಲ್ಲಿ?’ ಎಂದು ಕೇಳಿದರು. ಮಾರನೆಯ ದಿನ ಮತ್ತೆ ಹೋಗಿ ಕೇಳಿದಾಗ, ದೀಪ ಹಚ್ಚುವ ಹೊತ್ತೇ ಏಕೆ ಎಂಬುದು ತಿಳಿಯಿತು. ಅವರ ಗಂಡ ತೀರಿಕೊಂಡ ಸುದ್ದಿ ಬಂದದ್ದು ಆ ಹೊತ್ತಿನಲ್ಲಿ. ಹೀಗೆ ತಿದ್ದಿಸಿಕೊಂಡ ಹಾಳೆಗಳು ನನ್ನ ಬಳಿ ನೂರಾರು ಇವೆ. ಆರು ತಿಂಗಳ ಕೋರ್ಸಿನಲ್ಲಿ ರೋಗಿಯೂ ಇರುವುದಿಲ್ಲ, ಆ ಪೆನ್ಸಿಲೂ ಇರುವುದಿಲ್ಲ.

ಅರಸೀಕೆರೆಯ ಅಮ್ಮ
ಓದಿ ಕಣ್ಣು ತುಂಬಿತು ಮಗಳೇ. ಓದು ಮುಗಿದ ಮೇಲೆ ನಮ್ಮ ಕಡೆಗೇ ಬಾ.

ಮೂಡಿಗೆರೆಯ ಸಮಾಲೋಚಕ
ಕೊಪ್ಪದ ತಂಗಿ, ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಇಟ್ಟು, ರೋಗಿಯ ಮಾತನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ಬಯಸುವುದು ಸರಿಯೇ? ಹೀಗಾದರೆ ನಮ್ಮ ಹಳ್ಳಿಯ ಮಕ್ಕಳು ಬಾಗಿಲಲ್ಲೇ ಉಳಿಯುತ್ತಾರೆ.

ಕೊಪ್ಪದ ಹುಡುಗಿ
ಸರಿಯಲ್ಲ ಅಣ್ಣ. ಎಂ.ಎ.ಯಲ್ಲಿ ಪ್ರತಿ ಪಾಠವನ್ನು ಮೊದಲು ಕನ್ನಡದಲ್ಲಿ ನನ್ನದೇ ಮಾತಿನಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿನ ಪುಸ್ತಕ ತೆರೆಯುತ್ತಿದ್ದೆ. ಎರಡು ಪಟ್ಟು ಹೊತ್ತು ಹಿಡಿಯಿತು. ಆದರೆ ಇಂದು ವಾರ್ಡಿನಲ್ಲಿ ನನ್ನ ಜೊತೆಯವರು ದುಭಾಷಿಯನ್ನು ಹುಡುಕುವಾಗ ನಾನು ನೇರವಾಗಿ ಮಾತನಾಡಿಸುತ್ತೇನೆ.

ಸಕಲೇಶಪುರದವನು
ಎಂ.ಫಿಲ್. ಅನ್ನೇ ರದ್ದು ಮಾಡಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ ನೆನಪು. ಹಾಗಿದ್ದರೆ ಬೆಳೆಗಾರರ ಮಗಳು ಎಂ.ಎ. ಮುಗಿಸುವ ಹೊತ್ತಿಗೆ ಏನು ಉಳಿದಿರುತ್ತದೆ?

ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್
ಬಹಳ ಮುಖ್ಯವಾದ ಪ್ರಶ್ನೆ ಇದು. 2020ರ ಶಿಕ್ಷಣ ನೀತಿ ಎಂ.ಫಿಲ್. ಬೇಡ ಎಂದಿತು, 2022ರ ಯುಜಿಸಿ ನಿಯಮಗಳು ಅದನ್ನು ನಿಲ್ಲಿಸಿದವು. ಇದರಿಂದ ಕ್ಲಿನಿಕಲ್ ತರಬೇತಿಗೆ ಪೆಟ್ಟು ಬೀಳುತ್ತದೆಂದು ಮನವಿಗಳು ಹೋದ ಮೇಲೆ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ಮಾತ್ರ 2025–26ರ ಪ್ರವೇಶದವರೆಗೆ ಮಾನ್ಯತೆ ಮುಂದುವರಿಸುವುದಾಗಿ 2024ರ ಜನವರಿಯಲ್ಲಿ ಯುಜಿಸಿ ತಿಳಿಸಿತು. ಪರಿಷತ್ತಿನ ಬಳಿ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಮನಶ್ಶಾಸ್ತ್ರದ ಡಾಕ್ಟರೇಟ್) ಎಂಬ ಕೋರ್ಸುಗಳ ಪಠ್ಯಕ್ರಮಗಳೂ ಇವೆ.

ಹಾಗಾಗಿ ನಿಮ್ಮ ಮಗಳು ಕೋರ್ಸಿನ ಹೆಸರಿನ ಬೆನ್ನು ಹತ್ತಬಾರದು. ತಾನು ಸೇರುವ ವರ್ಷ, ತಾನು ಸೇರುವ ಸಂಸ್ಥೆಯ ಆ ಕೋರ್ಸು ಪರಿಷತ್ತಿನ ಒಪ್ಪಿಗೆಯ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು. ಒಪ್ಪಿಗೆಗೆ ಅವಧಿ ಇರುತ್ತದೆ. ಹೋದ ವರ್ಷ ಇದ್ದ ಸಂಸ್ಥೆ ಈ ವರ್ಷ ಇಲ್ಲದಿರಬಹುದು. ಪಟ್ಟಿಯ ಆ ಪುಟವನ್ನು ದಿನಾಂಕದೊಂದಿಗೆ ಮುದ್ರಿಸಿ ಇಟ್ಟುಕೊಳ್ಳಲಿ. ನೋಂದಣಿ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕಾಗಿ ಪರಿಷತ್ತು ಒಪ್ಪಿದ ಕಾರ್ಯಾಗಾರಗಳಿಗೆ ಹೋಗಿ ಅಂಕ ಗಳಿಸಬೇಕು.

ಕೆಲಸದ ಬಗ್ಗೆಯೂ ಹೇಳಿಬಿಡುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಎಂಬತ್ತರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ತಂಡ ಹೋಗುತ್ತದೆ. ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಿಗೂ ನಾವು ಬೇಕು. ಇಷ್ಟು ಓದಿದವರು ಬೆಂಗಳೂರಿನಲ್ಲೇ ಉಳಿಯುವುದರಿಂದ ನಮ್ಮ ಜಿಲ್ಲೆಗಳಲ್ಲಿ ಜನ ಸಾಲದು. ನಾನೊಬ್ಬಳೇ ಎಷ್ಟು ಮಕ್ಕಳ ಪರೀಕ್ಷೆ ಮಾಡಲಿ?

ಚನ್ನರಾಯಪಟ್ಟಣದವನು
ಸೀಟು ಸಿಗದಿದ್ದರೆ ಐದು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದಂತಾಗುವುದಿಲ್ಲವೇ? ತಂದೆಗೆ ಅದನ್ನೂ ಹೇಳಬೇಕು.

ಹಾಸನದ ಕ್ಲಿನಿಕಲ್ ಸೈಕಾಲಜಿಸ್ಟ್
ಹೇಳಲೇಬೇಕು, ಮರೆಮಾಚುವುದಿಲ್ಲ. ಎಂ.ಎ. ಮಾಡಿದವರಲ್ಲಿ ಹೆಚ್ಚಿನವರಿಗೆ ಕ್ಲಿನಿಕಲ್ ಸೀಟು ಸಿಗುವುದಿಲ್ಲ. ಪುನರ್ವಸತಿ ಮನಶ್ಶಾಸ್ತ್ರ ಎಂಬ ಇನ್ನೊಂದು ವಿಭಾಗಕ್ಕೂ ಪರಿಷತ್ತು ನೋಂದಣಿ ಕೊಡುತ್ತದೆ, ಅದಕ್ಕೆ ಎಂ.ಎ. ಆದ ಮೇಲೆ ಮಾಡುವ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ, ವಿಶೇಷ ಮಕ್ಕಳೊಂದಿಗೆ ಕೆಲಸ ಮಾಡಲು ಇಷ್ಟ ಇರುವವರಿಗೆ ಅದು ಒಳ್ಳೆಯ ದಾರಿ. ಶಾಲೆಗಳಲ್ಲಿ ಆಪ್ತಸಮಾಲೋಚಕರ ಕೆಲಸ, ಉಪನ್ಯಾಸಕ ವೃತ್ತಿ, ಸಂಶೋಧನೆ ಇವೆ. ಎಂ.ಎ. ಯಾವತ್ತೂ ದಂಡವಾಗುವುದಿಲ್ಲ, ಆದರೆ ಎಂ.ಎ. ಒಂದೇ ಇಟ್ಟುಕೊಂಡು ಕ್ಲಿನಿಕಲ್ ಎಂಬ ಫಲಕ ಹಾಕುವಂತಿಲ್ಲ.

ಬೇಲೂರಿನ ಬೆಳೆಗಾರ
ಎಲ್ಲರ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಇಂದು ಬೆಳಿಗ್ಗೆ ಆ ಸಂಸ್ಥೆಗೆ ಫೋನ್ ಮಾಡಿ, ಮೇಡಂ ಹೇಳಿದಂತೆ ಹಿಂದಿನ ತಂಡದ ಒಬ್ಬರ ಪರಿಷತ್ತಿನ ಸಂಖ್ಯೆ ಕೊಡಿ ಎಂದು ಕೇಳಿದೆ. ಮೊದಲು ಸಂಜೆ ಹೇಳುತ್ತೇವೆ ಎಂದರು. ಮತ್ತೆ ಕೇಳಿದಾಗ, ನಮ್ಮದು ಅಂತರರಾಷ್ಟ್ರೀಯ ಮಾನ್ಯತೆ, ಆ ಸಂಖ್ಯೆಯ ಅಗತ್ಯ ಬೀಳುವುದಿಲ್ಲ ಎಂದರು. ಹಣ ಕಟ್ಟಲಿಲ್ಲ. ಆ ದುಡ್ಡನ್ನು ಮೈಸೂರಿನ ಹಾಸ್ಟೆಲ್ಲಿಗೆಂದು ತೆಗೆದಿಟ್ಟಿದ್ದೇನೆ. ಏಳು ವರ್ಷ ಎಂದಾಗ ಮನೆಯಾಕೆ ಸ್ವಲ್ಪ ಸಪ್ಪಗಾದಳು, ಮದುವೆಯ ಮಾತು ಎತ್ತಿದಳು. ನನ್ನ ತಮ್ಮ ಪಕ್ಕದಲ್ಲೇ ಕುಳಿತಿದ್ದ. ‘ಅತ್ತಿಗೆ, ಅವಳು ಓದಲಿ’ ಎಂದು ಅವನೇ ಹೇಳಿದ. ಮುಂದಿನದನ್ನು ಮಗಳೇ ಕೇಳುತ್ತಾಳಂತೆ.

ಬೇಲೂರಿನ ಬೆಳೆಗಾರ (ಮಗಳು ಬರೆಯುತ್ತಿದ್ದೇನೆ)
ಎಲ್ಲರಿಗೂ ನಮಸ್ಕಾರ. ಕೊಪ್ಪದ ಅಕ್ಕ, ನೀವು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳು ಈಗಲೂ ಇದ್ದರೆ ನನಗೆ ನೋಡಲು ಸಿಗಬಹುದೇ? ಮೂಡಿಗೆರೆಯ ಅಣ್ಣನವರಿಗೂ ಒಂದು ಕೋರಿಕೆ ಇದೆ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ರಜೆ ಸಿಗುತ್ತದೆ. ಲೈನ್ ಮನೆಗಳಿಗೆ ಹೋಗುವಾಗ ನಾನೂ ಜೊತೆಗೆ ಬಂದು, ಮಾತನಾಡದೆ ಕುಳಿತು ಕೇಳಬಹುದೇ?

ಕೊಪ್ಪದ ಹುಡುಗಿ
ಐದು ನೋಟ್ ಪುಸ್ತಕಗಳಿವೆ, ಎರಡಕ್ಕೆ ಗೆದ್ದಲು ಹತ್ತಿದೆ. ಉಳಿದ ಮೂರನ್ನು ಫೋಟೊ ತೆಗೆದು ಕಳಿಸುತ್ತೇನೆ. ಅಕ್ಷರ ಓದಲು ಆಗದಿದ್ದರೆ ಕೇಳು.

ಮೂಡಿಗೆರೆಯ ಸಮಾಲೋಚಕ
ಬಾ ತಂಗಿ. ಆದರೆ ಆ ಲೈನ್ ಮನೆಯವರನ್ನು ಮೊದಲು ಕೇಳಿ, ಅವರು ಒಪ್ಪಿದರೆ ಮಾತ್ರ ನಿನ್ನನ್ನು ಒಳಗೆ ಕೂರಿಸುತ್ತೇನೆ. ಅಲ್ಲಿ ಕೇಳಿದ್ದನ್ನು ಹೊರಗೆ ಯಾರಿಗೂ, ನಿನ್ನ ಅಪ್ಪನಿಗೂ ಹೇಳುವಂತಿಲ್ಲ. ಅದಕ್ಕೆ ಒಪ್ಪಿಗೆಯಿದ್ದರೆ ಪರೀಕ್ಷೆ ಮುಗಿದ ಕೂಡಲೇ ತಿಳಿಸು.